ಅಡಿಕೆ ಅಂಗಳಕ್ಕೆ ಯಾವ ಹವಾಮಾನ ಸೇವೆ ಆದೀತು? ಚಿತ್ತ ಮಳೆಯಿಂದ ಅನುರಾಧ ಮಳೆಯವರೆಗಿನ (ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಆರಂಭದವರೆಗಿನ) ವಿಮರ್ಶೆ

ಅಡಿಕೆ ಕೊನೆ (ಗೊಂಚಲು) ಇಳಿಸುವ ದಿನ ನಿಕ್ಕಿ ಮಾಡುವವರಿಗೆ ಬೇಕಾದದ್ದು ಎಂಟು ದಿನದ ಮುನ್ನೋಟ. ಇಳಿಸಿದ ಕೊನೆ ನೆರಳಲ್ಲಿ ಒಂದೆರಡು ದಿನ ಕಾದೀತು. ಸುಲಿದ ಅಡಿಕೆ ಕಾಯುವುದಿಲ್ಲ, ಅಂದೇ ಅಥವಾ ಮಾರನೇ ದಿನ ಹಂಡೆಗೆ ಬೀಳಬೇಕು. ಬೆಂದು ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಿಡಿದ ಮೇಲೆ ಐದಾರು ಒಳ್ಳೆಯ ಬಿಸಿಲು ಬೇಕು. ಆದರೆ ನಂಬಿ ಕೆಲಸ ಹಚ್ಚಬಹುದಾದ ಮುನ್ಸೂಚನೆ ಸಿಗುವುದು ಹೆಚ್ಚೆಂದರೆ ಐದು ದಿನದ್ದು. ಬಾಕಿ ಮೂರು ದಿನವನ್ನು ಯಾವ ಸೇವೆ ಎಷ್ಟು ತುಂಬಿಕೊಡುತ್ತದೆ ಎಂಬ ಲೆಕ್ಕದಲ್ಲೇ ಇಲ್ಲಿ ಎಲ್ಲವನ್ನೂ ಅಳೆದಿದ್ದೇವೆ. ಎಲ್ಲವೂ ಬಿಟ್ಟಿಯೇ, ಹಾಗಾಗಿ ದರದ ಪ್ರಶ್ನೆ ಇಲ್ಲ. ತಪ್ಪಾಗಿ ಓದಿದರೆ ಮಾತ್ರ ಬೆಲೆ ತೆರಬೇಕಾಗುತ್ತದೆ.

ಮೊದಲಿಗೆ ಟಿವಿಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಬಣ್ಣಗಳು. ಹವಾಮಾನ ಇಲಾಖೆಯ ಹಸಿರು, ಹಳದಿ, ಕಿತ್ತಳೆ, ಕೆಂಪು ನಿಜವಾಗಿ ನೆರೆ, ಗುಡ್ಡ ಕುಸಿತ, ರಸ್ತೆ, ಶಾಲೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದವು. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. ಅಂಗಳದಲ್ಲಿ ಹರವಿದ ಅಡಿಕೆಗೆ 5 ಮಿ.ಮೀ. ಸೋನೆಯೇ ಸಾಕು. ಹಸಿರು ಬಣ್ಣ ಎಂದರೆ ಎಚ್ಚರಿಕೆ ಇಲ್ಲ ಎಂದಷ್ಟೇ ಅರ್ಥ, ಮಳೆ ಇಲ್ಲ ಎಂದಲ್ಲ. ಇದನ್ನು ತಿಳಿಯದೆ ಹಸಿರು ನೋಡಿ ಹಂಡೆಗೆ ಬೆಂಕಿ ಹಾಕುವವರು ಬಹಳ. ಇನ್ನೊಂದು ತೊಡಕು: ಬಣ್ಣ ಬೀಳುವುದು ಇಡೀ ಜಿಲ್ಲೆಗೆ. ಆಗುಂಬೆಗೂ ಶಿಕಾರಿಪುರಕ್ಕೂ ಒಂದೇ ಬಣ್ಣ ಬಳಿದರೆ ಯಾವ ಊರಿನವರು ನಂಬಬೇಕು? ಅಂಗಳದ ಕೆಲಸಕ್ಕೆ ಬಣ್ಣದ ಎಚ್ಚರಿಕೆಗೆ ಐದರಲ್ಲಿ ಒಂದೂವರೆ ಅಂಕ. ಘಾಟಿ ಇಳಿಯುವವರಿಗೆ ನಾಲ್ಕು.

ಮುನ್ಸೂಚನೆಗಳ ಪೈಕಿ ಹೆಚ್ಚು ಉಪಯೋಗಕ್ಕೆ ಬರುವುದು, ಕಡಿಮೆ ಜನ ಓದುವುದು ಇಲಾಖೆಯ ಕೃಷಿ ಹವಾಮಾನ ವರದಿ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಮೇಘದೂತ್ ಆಪ್‌ನಲ್ಲಿ ಜಿಲ್ಲೆ ಆರಿಸಿಕೊಂಡರೆ ಕನ್ನಡದಲ್ಲೇ ಸಿಗುತ್ತದೆ. ಐದು ದಿನದ ಕೋಷ್ಟಕ: ಮಳೆ, ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಗರಿಷ್ಠ ಮತ್ತು ಕನಿಷ್ಠ ತೇವಾಂಶ, ಗಾಳಿಯ ವೇಗ, ದಿಕ್ಕು, ಮೋಡ. ಎಲ್ಲರೂ ಮಳೆಯ ಸಾಲು ನೋಡಿ ಮುಚ್ಚುತ್ತಾರೆ. ನಮ್ಮ ಮಟ್ಟಿಗೆ ಅಡಿಕೆ ಒಣಗಿಸುವವರು ಮಳೆಯ ಸಾಲನ್ನು ಕೊನೆಗೆ ನೋಡಿದರೆ ಸಾಕು. ಮೊದಲು ನೋಡಬೇಕಾದದ್ದು ಮೋಡ ಮತ್ತು ಕನಿಷ್ಠ ತೇವಾಂಶ.

ಮೋಡವನ್ನು ಆಕ್ಟಾ ಎಂಬ ಅಳತೆಯಲ್ಲಿ ಕೊಡುತ್ತಾರೆ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆ ಎಂಬ ಲೆಕ್ಕ ಅದು. 0 ಎಂದರೆ ಬೋಳು ಆಕಾಶ, 8 ಎಂದರೆ ಪೂರ್ತಿ ಕವಿದದ್ದು. ಗರಿಷ್ಠ ತೇವಾಂಶ ಬೆಳಗಿನ ಜಾವದ್ದು. ಮಲೆನಾಡಿನಲ್ಲಿ ಅದು ಹೇಗೂ 90ರ ಮೇಲೆ ಇರುವಂಥದ್ದು, ನೋಡಿ ಪ್ರಯೋಜನವಿಲ್ಲ. ಕನಿಷ್ಠ ತೇವಾಂಶ ಮಧ್ಯಾಹ್ನದ್ದು, ಅಡಿಕೆ ನೀರು ಬಿಡುವ ಹೊತ್ತಿನದು. ಮೋಡ 3ರ ಒಳಗೆ, ಕನಿಷ್ಠ ತೇವಾಂಶ 60ರ ಒಳಗೆ ಸತತ ಮೂರು ದಿನ ಇದ್ದರೆ ಬೇಯಿಸಬಹುದು. ಏಕೆಂದರೆ ಮೊದಲ ಎರಡು ಬಿಸಿಲು ದಕ್ಕಿದರೆ ಮೇಲ್ಮೈ ಬಿಗಿಯುತ್ತದೆ, ಆಮೇಲೆ ಒಂದು ದಿನ ಮೋಡ ಹಾಕಿದರೂ ತಡೆದುಕೊಳ್ಳುತ್ತದೆ. ಮಳೆ 0, ಮೋಡ 7, ತೇವಾಂಶ 80 ಎಂದು ಬರೆದಿದ್ದರೆ ಅದು ಬೂಸ್ಟು ಹಿಡಿಯುವ ದಿನ. ಮಳೆಯ ಸಾಲಿನಲ್ಲಿರುವ ಸೊನ್ನೆ ಅಲ್ಲಿ ಮೋಸ ಮಾಡುತ್ತದೆ.

ಕೋಷ್ಟಕದಲ್ಲಿ ಒಂದು ಗುಟ್ಟಿದೆ. ಇಲಾಖೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. 12ನೇ ತಾರೀಕಿನ ಸಾಲಿನಲ್ಲಿರುವ ಮಳೆ ಎಂದರೆ 11ರ ಬೆಳಿಗ್ಗೆ 8.30ರಿಂದ 12ರ ಬೆಳಿಗ್ಗೆ 8.30ರವರೆಗಿನದು. ಹಿಂಗಾರು ಮಳೆ ಸಾಮಾನ್ಯವಾಗಿ ಸಂಜೆ ಗುಡುಗಿಕೊಂಡು ಬರುವುದರಿಂದ, 12ರ ಮಳೆ ನಿಮ್ಮ ಅಂಗಳಕ್ಕೆ 11ರ ಸಂಜೆಯೇ ಬಂದಿರುತ್ತದೆ. "ವರದಿ ಸುಳ್ಳು" ಎಂಬ ಬೈಗುಳದಲ್ಲಿ ಒಂದು ಪಾಲು ಇಲ್ಲಿಂದ ಹುಟ್ಟಿದ್ದು. ಈ ಸೇವೆಗೆ ನಾಲ್ಕು ಅಂಕ. ಅರ್ಧ ಅಂಕ ಕಳೆದದ್ದು ಮಂಗಳವಾರದ ವರದಿ ಶುಕ್ರವಾರದ ಹೊತ್ತಿಗೆ ಹಳಸಿರುತ್ತದೆ ಎಂಬ ಕಾರಣಕ್ಕೆ, ಇನ್ನರ್ಧ ಈ 8.30ರ ವಿಷಯವನ್ನು ಓದುಗರ ಕಣ್ಣಿಗೆ ಹೊಡೆಯುವಂತೆ ಬರೆಯದ್ದಕ್ಕೆ.

ಈಗ ಚಂಡಮಾರುತ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಲೆನಾಡನ್ನು ಕಾಡುವುದು ಎರಡು ಬಗೆ. ಅರಬ್ಬಿ ಸಮುದ್ರದ್ದು ನಮ್ಮ ಕರಾವಳಿಗೆ ಅಪ್ಪಳಿಸುವುದು ಅಪರೂಪ. 2019ರಲ್ಲಿ ಬೆನ್ನುಬೆನ್ನಿಗೆ ಎದ್ದ ಕ್ಯಾರ್ ಮತ್ತು ಮಹಾ ಎರಡೂ ದೂರ ಸರಿದವು. ಆದರೆ ಅದು ಎಳೆದುಕೊಳ್ಳುವ ಪಡುಗಾಳಿ ಘಟ್ಟಕ್ಕೆ ಬಡಿದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸುರಿಸುತ್ತದೆ. ಬಂಗಾಳ ಕೊಲ್ಲಿಯದ್ದು ತಮಿಳುನಾಡು, ಆಂಧ್ರದ ದಡ ಹತ್ತಿ, ಗಾಳಿಯ ಬಲ ಕಳೆದುಕೊಂಡು, ಮೋಡದ ಮೂಟೆಯಾಗಿ ಪಡುವಣಕ್ಕೆ ಸಾಗುತ್ತದೆ. ಫೆಂಗಲ್ 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿತು. ಅದರ ಅವಶೇಷದ ಮಳೆ ಕರ್ನಾಟಕ ದಾಟಿದ್ದು ಡಿಸೆಂಬರ್ 2, 3ರ ಸುಮಾರಿಗೆ. ಎರಡು ದಿನದ ಈ ಅಂತರವೇ ಅಡಿಕೆಯವರಿಗೆ ಸಿಗುವ ಅವಕಾಶ. ಟಿವಿಯವರು "ದುರ್ಬಲಗೊಂಡಿತು" ಎಂದು ಕ್ಯಾಮೆರಾ ಮಡಿಚುವ ಹೊತ್ತಿಗೆ ನಮ್ಮಲ್ಲಿ ಜಿಟಿಜಿಟಿ ಶುರುವಾಗುತ್ತದೆ. ದುರ್ಬಲವಾಗುವುದು ಗಾಳಿ. ತೇವ ಉಳಿದೇ ಇರುತ್ತದೆ.

ಇದಕ್ಕೆ ಇಲಾಖೆಯ ಚಂಡಮಾರುತ ವಿಭಾಗದ ದೈನಿಕ ಮುನ್ನೋಟ ಚೆನ್ನಾಗಿದೆ. ಮುಂದಿನ 168 ಗಂಟೆಗಳಲ್ಲಿ, ಅಂದರೆ ಏಳು ದಿನದಲ್ಲಿ, ವಾಯುಭಾರ ಕುಸಿತ ಏಳುವ ಸಾಧ್ಯತೆಯನ್ನು ಕೊಲ್ಲಿಗೂ ಅರಬ್ಬಿಗೂ ಬೇರೆ ಬೇರೆಯಾಗಿ ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು ಎಂದು ದಿನಕ್ಕೊಂದು ಚೌಕದಲ್ಲಿ ಹೇಳುತ್ತದೆ. ಗುರುವಾರ ಗುರುವಾರ ಎರಡು ವಾರದ ಮುನ್ನೋಟವೂ ಬರುತ್ತದೆ. ಮೊದಲು ಹೇಳಿದ ಮೂರು ದಿನದ ಕೊರತೆ ತುಂಬುವುದು ಇವೆರಡೇ. ಕೊಲ್ಲಿಯ ಸಾಲಿನಲ್ಲಿ ಐದನೇ, ಆರನೇ ಚೌಕಕ್ಕೆ "ಮಧ್ಯಮ" ಬಂದರೆ ಆ ವಾರ ಕೊನೆಗಾರನನ್ನು ಕರೆಯಬೇಡಿ. ಮರದಲ್ಲೇ ಇದ್ದ ಅಡಿಕೆ ತುಸು ಬಲಿತೀತು, ರಾಶಿ ಇಡಿ ಎಂಬ ಕೆಂಪಡಿಕೆಯ ದರ್ಜೆಯಲ್ಲಿ ಚೂರು ಇಳಿದೀತು, ಆದರೆ ಬೂಸ್ಟು ಹಿಡಿಯುವುದಿಲ್ಲ. ವರದಿ ಇಂಗ್ಲಿಷಿನಲ್ಲೇ ಇರುವುದು ದೊಡ್ಡ ಕೊರತೆ. ಮೂರೂವರೆ ಅಂಕ.

ಗಾಳಿಯ ಅಂಕಿಗೂ ಅರ್ಥ ಗೊತ್ತಿರಲಿ: ಗಂಟೆಗೆ 31ರಿಂದ 49 ಕಿ.ಮೀ. ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ. ಚಪ್ಪರದ ತಾಡಪಾಲು ಹಾರುವುದಕ್ಕೆ ಚಂಡಮಾರುತವೇ ಬೇಕಿಲ್ಲ.

ಚಳಿಯ ವಿಷಯದಲ್ಲಿ ಆಪ್‌ಗಳ ಕನ್ನಡ ನಗೆಪಾಟಲು. ಫ್ರಾಸ್ಟ್ (ಎಲೆಯ ಮೇಲೆ ಹೆಪ್ಪುಗಟ್ಟುವ ಮಂಜು), ಸ್ನೋ, ಇಬ್ಬನಿ ಮೂರಕ್ಕೂ "ಹಿಮ" ಎಂದೇ ಬರುವುದುಂಟು. ನಿಜವಾದ ಫ್ರಾಸ್ಟ್ ಕಟ್ಟಲು ಎಲೆಯ ಮೇಲ್ಮೈ ಸೊನ್ನೆ ಡಿಗ್ರಿಗೆ ಇಳಿಯಬೇಕು. ಅದು ಊಟಿ, ಮುನ್ನಾರ್‌ನ ಎತ್ತರದ ಮಾತು. ಸುಮಾರು 600 ಮೀಟರ್ ಎತ್ತರದ ಸಾಗರ, ತೀರ್ಥಹಳ್ಳಿಗಳ ತೋಟಕ್ಕೆ ಆ ಭಯವಿಲ್ಲ. ನಮ್ಮವರು "ಹಿಮ ಬಿತ್ತು" ಅನ್ನುವುದು ಇಬ್ಬನಿಗೆ, ಅದಕ್ಕೆ ಹೆದರಲೇಬೇಕು. ಮೋಡ 0 ಅಥವಾ 1, ಗಾಳಿ 5 ಕಿ.ಮೀ.ಗಿಂತ ಕಡಿಮೆ, ಮುಂಚಿನ ದಿನ ಮಳೆ: ಈ ಮೂರೂ ಕೂಡಿದ ರಾತ್ರಿ ಇಬ್ಬನಿ ಸುರಿಯುತ್ತದೆ. ಚಂಡಮಾರುತ ದಾಟಿ ಬಡಗಣ ಒಣಗಾಳಿ ತಿರುಗಿದ ಮೊದಲ ರಾತ್ರಿ ಹೆಚ್ಚಾಗಿ ಇಂಥದ್ದೇ. ಜೊತೆಗೆ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ, ತೋಟಗಳಿರುವುದೂ ಅಲ್ಲೇ. ವರದಿಯಲ್ಲಿರುವ ಕನಿಷ್ಠ ಉಷ್ಣಾಂಶಕ್ಕಿಂತ ನಿಮ್ಮ ತೋಟದ್ದು ಎರಡು ಮೂರು ಡಿಗ್ರಿ ಕೆಳಗೆ ಎಂದೇ ಹಿಡಿಯಿರಿ.

ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ 2024ರ ಅಕ್ಟೋಬರ್‌ನಿಂದ ಇದೆ, ಮೇರಿ ಪಂಚಾಯತ್ ಆಪ್‌ನಲ್ಲಿ ನೋಡಬಹುದು. ಊರ ಹೆಸರು ಕಂಡೊಡನೆ ಮರುಳಾಗಬೇಡಿ. 2025ರಲ್ಲಿ ಬಂದ ಹೊಸ ಭಾರತ್ ಮಾದರಿ (ಮುನ್ಸೂಚನೆಯ ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ) ಒಂದೇ ಲೆಕ್ಕ ಕೊಡುವ ಚೌಕವೂ 6 ಕಿ.ಮೀ. ಅಗಲದ್ದು, ಘಟ್ಟದ ಅಂಚಿನಲ್ಲಿ ಅಷ್ಟರೊಳಗೆ ಗುಡ್ಡ, ಕಣಿವೆ ಎರಡೂ ಬಂದುಬಿಡುತ್ತವೆ. ವಿಂಡಿ ಆಪ್‌ನ ಲಾಭ ಒಂದೇ: ಯುರೋಪಿನ ಮಾದರಿ, ಅಮೆರಿಕದ ಮಾದರಿ ಎರಡನ್ನೂ ಪಕ್ಕಪಕ್ಕ ನೋಡಬಹುದು. ಎರಡೂ ಒಂದೇ ಹೇಳಿದರೆ ನಂಬಿ, ಬೇರೆ ಹೇಳಿದರೆ ಮಾರನೇ ದಿನ ಮತ್ತೆ ನೋಡಿ. ಫೋನಿನ ಜೊತೆಗೇ ಬರುವ ಸೂರ್ಯ-ಮೋಡದ ಚಿತ್ರಕ್ಕೆ ಅಂಕವೇ ಇಲ್ಲ. ಗುಡುಗು ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆಪ್ ಸಾಕು.

ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ (92433 45433) ಹಗಲು ರಾತ್ರಿ ಕನ್ನಡದಲ್ಲೇ ಉತ್ತರಿಸುವ ಸೇವೆ. ಅವರ ಬಲ ಮುನ್ಸೂಚನೆಗಿಂತ ಹೆಚ್ಚಾಗಿ ಪಂಚಾಯಿತಿಗಳಲ್ಲಿ ನೆಟ್ಟ ಮಳೆಮಾಪಕಗಳಲ್ಲಿದೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವಂಥವು. "ನಾಳೆ ಹೇಗೆ?" ಎಂದು ಕೇಳುವುದಕ್ಕಿಂತ ಹೋಬಳಿಯ ಹೆಸರು ಹೇಳಿ "ಮೂಡಣ ಕಡೆ ಈಗ ಎಲ್ಲೆಲ್ಲಿ ಬೀಳ್ತಿದೆ?" ಎಂದು ಕೇಳಿ. ಕೊಲ್ಲಿಯ ಮೋಡ ಬರುವ ದಿನ ಭದ್ರಾವತಿ, ಚನ್ನಗಿರಿ ಕಡೆ ಶುರುವಾಗಿದ್ದರೆ ತೀರ್ಥಹಳ್ಳಿಯವರಿಗೆ ರಾಶಿ ಮಾಡಲು ಕೆಲವು ಗಂಟೆ ಸಿಕ್ಕಂತಾಯಿತು. ನಾಲ್ಕೂವರೆ ಅಂಕ. ಕರೆಂಟು ಹೋಗಿ ಟವರ್ ಮಲಗಿದರೆ ಉಳಿಯುವುದು ಬ್ಯಾಟರಿ ರೇಡಿಯೋ ಮತ್ತು ಭದ್ರಾವತಿ ಆಕಾಶವಾಣಿ. ಎರಡು ಸೆಲ್ ತಂದಿಟ್ಟುಕೊಳ್ಳಿ.

ರಾಶಿ ಮಾಡುವಾಗ ಒಂದು ಮಾತು. ಇಬ್ಬನಿಯ ರಾತ್ರಿ ಬರಿಯ ಪ್ಲಾಸ್ಟಿಕ್ ಹೊದಿಸಿದರೆ ಹಾಳೆ ಗಾಳಿಗಿಂತ ಬೇಗ ತಣಿದು, ಅಡಿಕೆಯದೇ ಆವಿ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಅಡಿಕೆಗೇ ತೊಟ್ಟಿಕ್ಕುತ್ತದೆ. ಬಿಸಿಲು ಇಳಿಯುವ ಮುನ್ನ, ನಾಲ್ಕೂವರೆಗೆ, ತಟ್ಟಿಯ ಮೇಲೆ ಗುಡ್ಡೆ ಮಾಡಿ, ಮೊದಲು ಗೋಣಿ, ಅದರ ಮೇಲೆ ಇಳಿಜಾರಾಗಿ ತಾಡಪಾಲು. ಬೆಳಿಗ್ಗೆ ಅಂಗಳದ ಹುಲ್ಲು ಒಣಗುವ ತನಕ, ಅಂದರೆ ಒಂಬತ್ತರವರೆಗೆ, ಬಿಚ್ಚಬೇಡಿ.