ಪಿ-ಲಿಂಗ್ವಾ: ಪೊರೆ ಗಣನೆಯ ಲ್ಯಾಬಿಗೆ ಒಳ್ಳೆಯ ಸಾಧನ, ಹೆಜ್ಜೆಯ ಅರ್ಥ ಗೊತ್ತಿದ್ದರೆ

ಜೀವಕೋಶದ ಪೊರೆಗಳ ಕೆಲಸವನ್ನು ನೋಡಿ ರೊಮೇನಿಯಾದ ಗಣಿತಜ್ಞ ಘಿಯೋರ್ಘೆ ಪೌನ್ 1998ರಲ್ಲಿ ರೂಪಿಸಿದ ಗಣನಾ ಮಾದರಿಯೇ ಪಿ ಸಿಸ್ಟಮ್: ಪೊರೆಯೊಳಗಿನ ವಸ್ತುಗಳನ್ನು ನಿಯಮಗಳು ಹೆಜ್ಜೆ ಹೆಜ್ಜೆಯಾಗಿ ಬದಲಿಸುತ್ತವೆ. ಅದನ್ನು ಬರೆದು ಓಡಿಸಲು ಸ್ಪೇನಿನ ಸೆವಿಲ್ಲೆ ವಿಶ್ವವಿದ್ಯಾಲಯದ ತಂಡ ಮಾಡಿರುವುದು ಪಿ-ಲಿಂಗ್ವಾ. ಮುಕ್ತ ತಂತ್ರಾಂಶ, ದುಡ್ಡಿಲ್ಲ. ಇದರ ಜಾವಾ ಲೈಬ್ರರಿ ಮೈಸೂರಿನ ಕಾಲೇಜು ಲ್ಯಾಬುಗಳ ಸಾಧಾರಣ ಕಂಪ್ಯೂಟರಿಗೂ ಭಾರವಲ್ಲ.

ಪಾಠಕ್ಕೆ ಮಂಡ್ಯದ ಕಬ್ಬನ್ನೇ ತೆಗೆದುಕೊಳ್ಳಿ. ಕಡಿದ ಕಬ್ಬು ಅರೆಯದೆ ನಿಂತರೆ ಇನ್ವರ್ಟೇಸ್ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕಿಣ್ವ ಮಾತ್ರ ಹಾಗೇ ಉಳಿಯುತ್ತದೆ. ನಿಯಮ ಒಂದೇ: ಕಿಣ್ವ, ಸುಕ್ರೋಸ್ → ಕಿಣ್ವ, ಗ್ಲೂಕೋಸ್, ಫ್ರಕ್ಟೋಸ್. ಪೊರೆಯೊಳಗೆ 2 ಕಿಣ್ವ, 10 ಸುಕ್ರೋಸ್ ಇಟ್ಟರೆ 5 ಹೆಜ್ಜೆಗೆ ಮುಗಿಯುತ್ತದೆ, ಏಕೆಂದರೆ ಎರಡೂ ಕಿಣ್ವಗಳು ಪ್ರತಿ ಹೆಜ್ಜೆಯಲ್ಲೂ ದುಡಿಯಲೇಬೇಕು. ಹೆಜ್ಜೆಗೆ ಒಂದೇ ಸಲ ಒಂದು ನಿಯಮ ಎನ್ನುವ ಸೆಮ್ಯಾಂಟಿಕ್ಸ್‌ನಲ್ಲಿ (ಹೆಜ್ಜೆ ಎಂದರೇನು ಎಂದು ಹೇಳುವ ಕಟ್ಟಳೆಯಲ್ಲಿ) ಅದೇ ಬರಹಕ್ಕೆ 10 ಹೆಜ್ಜೆ ಬೇಕು. ನಿಯಮ ಬರೆದಷ್ಟಕ್ಕೆ ಮಾದರಿ ಪೂರ್ತಿಯಾಗುವುದಿಲ್ಲ.

ಎಡವುವುದು ಹೆಚ್ಚಾಗಿ ಎರಡು ಕಡೆ. ಫೈಲಿನ ಮೊದಲಲ್ಲೇ ಮಾದರಿ ಯಾವುದೆಂದು ಘೋಷಿಸಬೇಕು. ಪೊರೆ ಇಬ್ಭಾಗವಾಗುವ ಸಕ್ರಿಯ ಪೊರೆಗಳ ಮಾದರಿ ಎಂದು ಬರೆದರೆ ಮೇಲಿನ ನಿಯಮಕ್ಕೆ ಜಾಗವಿಲ್ಲ. ಅಲ್ಲಿ ಎಡಬದಿಯಲ್ಲಿ ಒಂದೇ ವಸ್ತು ಇರಬೇಕು, ಇಲ್ಲದಿದ್ದರೆ ಪಿ-ಲಿಂಗ್ವಾ ತಪ್ಪು ಎನ್ನುತ್ತದೆ. ಈ ತಪಾಸಣೆ ಕಿರಿಕಿರಿ ಅನ್ನಿಸಬಹುದು, ಆದರೆ ಈ ಸಾಧನದ ಅತ್ಯುತ್ತಮ ಗುಣವೇ ಅದು.

ಎರಡನೆಯದು ಗರಿಷ್ಠ ಸಮಾಂತರತೆ, ಅಂದರೆ ಒಂದೇ ಹೆಜ್ಜೆಯಲ್ಲಿ ಇನ್ನು ಯಾವ ನಿಯಮವನ್ನೂ ಸೇರಿಸಲಾಗದಷ್ಟು ನಿಯಮಗಳನ್ನು ಒಟ್ಟಿಗೆ ಬಳಸುವುದು. ‘ಅ → ಬ’, ‘ಅ ಅ → ಕ’ ಎಂಬ ನಿಯಮಗಳಿದ್ದು ಪೊರೆಯಲ್ಲಿ 3 ಅ ಇದ್ದರೆ, ಮೂರು ಬ ಬರಬಹುದು, ಇಲ್ಲವೇ ಒಂದು ಕ, ಒಂದು ಬ ಬರಬಹುದು, ಎರಡೂ ಸರಿ. ಒಂದು ಕ ಆಗಿ ಒಂದು ಅ ಹಾಗೇ ಉಳಿಯುವುದು ತಪ್ಪು. ಹೆಚ್ಚು ನಿಯಮ ಬಳಸಿದ ದಾರಿಯೇ ಗರಿಷ್ಠ ಎಂದುಕೊಳ್ಳಬೇಡಿ. ಮತ್ತೇನನ್ನೂ ಸೇರಿಸಲು ಆಗದಿದ್ದರೆ ಅದು ಗರಿಷ್ಠವೇ.

ಒಂದು ಓಟ ಒಂದು ದಾರಿಯನ್ನಷ್ಟೇ ತೋರಿಸುತ್ತದೆ, ಹಾಗಾಗಿ ಅದು ಪುರಾವೆಯಲ್ಲ. ಎಲ್ಲ ದಾರಿಗಳನ್ನೂ ಹುಡುಕಬೇಕಾದರೆ, ನಿಯಮಗಳಿಂದ ಪದಗಳನ್ನು ಬದಲಿಸುತ್ತ ಹೋಗುವ ‘ಮಾಡ್’ (Maude) ಎಂಬ ಭಾಷೆಗೆ ಹೋಗಿ. ಅದರಲ್ಲಿ ಪಿ ಸಿಸ್ಟಮ್ ಬರೆಯಲು ಸಂಶೋಧಕರಾದ ಆಂಡ್ರೇ, ಚೊಬಾನು, ಲುಕಾನು ಅವರು ಕೊಟ್ಟ 2007ರ ನಿರೂಪಣೆ ಪ್ರತಿ ಹೆಜ್ಜೆಯನ್ನೂ ಮೂರು ಹಂತ ಮಾಡುತ್ತದೆ: ಮೊದಲು ನಿಯಮಗಳ ಅನ್ವಯ, ಆಮೇಲೆ ವಸ್ತುಗಳ ಸಾಗಣೆ, ಕೊನೆಗೆ ಪೊರೆ ಕರಗುವುದು.

ಕಬ್ಬು ಎಷ್ಟು ಗಂಟೆಯಲ್ಲಿ ಎಷ್ಟು ಸಕ್ಕರೆ ಕಳೆದುಕೊಳ್ಳುತ್ತದೆ ಎಂದು ಈ ಹೆಜ್ಜೆಗಳನ್ನು ಎಣಿಸಿ ಹೇಳಲಾಗದು. ಅದಕ್ಕೆ ಕ್ರಿಯಾವೇಗ ಬೇಕು. ಕ್ರಿಯಾವೇಗ ನೋಡಿ ಯಾವ ಕ್ರಿಯೆ ಯಾವಾಗ ನಡೆಯುತ್ತದೆ ಎಂದು ಯಾದೃಚ್ಛಿಕವಾಗಿ ಆರಿಸುವ ಗಿಲೆಸ್ಪಿಯ 1977ರ ಅಲ್ಗಾರಿದಮ್ ಇರುವ ಸಿಮ್ಯುಲೇಟರ್ ಹಿಡಿಯಿರಿ.