ಸರಕಾರಿ ಶಾಲೆಗಳ ಸಮನ್ವಯ ಶಿಕ್ಷಣ ಸೇವೆ: ಉಡುಪಿ ಜಿಲ್ಲೆಯ ಪೋಷಕರೊಬ್ಬರ ವಿಮರ್ಶೆ

ಸೆರೆಬ್ರಲ್ ಪಾಲ್ಸಿ ಇರುವ ನನ್ನ ಮಗಳು ಉಡುಪಿ ಜಿಲ್ಲೆಯ ನಮ್ಮೂರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ವಾಕರ್ ಹಿಡಿದು ನಡೆಯುತ್ತಾಳೆ, ಮಾತು ನಿಧಾನ, ಬರವಣಿಗೆ ಅದಕ್ಕಿಂತಲೂ ನಿಧಾನ. ಸಮಗ್ರ ಶಿಕ್ಷಣ ಯೋಜನೆಯಡಿ ಇಂಥ ಮಕ್ಕಳು ಉಳಿದ ಮಕ್ಕಳೊಡನೆ ಒಂದೇ ತರಗತಿಯಲ್ಲಿ ಕಲಿಯಲು ಸಿಗುವ ಸಮನ್ವಯ ಶಿಕ್ಷಣ ಸೇವೆಯನ್ನು ನಂಬಿ ಸರಕಾರಿ ಶಾಲೆಗೆ ಸೇರಿಸಬಹುದೇ ಎಂದು ಹಲವು ಪೋಷಕರು ಕೇಳುತ್ತಿರುವುದರಿಂದ, ನಾವು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಾಖಲಾತಿ ಯಾರೂ ಮಾಡುವ ಉಪಕಾರವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಪ್ರಮಾಣೀಕೃತವಾಗಿರುವ 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ನಮ್ಮಲ್ಲಿ ದಾಖಲಾತಿಗೆ ಯಾವ ಅಡ್ಡಿಯೂ ಬರಲಿಲ್ಲ.

ಈ ಸೇವೆಯಲ್ಲಿ ನನಗೆ ಅತ್ಯುತ್ತಮವೆನಿಸಿದ್ದು, ವಿಶೇಷ ಮಕ್ಕಳಿಗೆಂದೇ ರೂಪಿಸದ ನಲಿ-ಕಲಿ ಪದ್ಧತಿ. ಒಂದರಿಂದ ಮೂರನೇ ತರಗತಿಯವರೆಗಿನ ಈ ಕ್ರಮದಲ್ಲಿ ಮಗು ಕಲಿಕೆಯ ಒಂದು ಮೆಟ್ಟಿಲು ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಸಹಾಯ ಸಾಕಾದವರು, ಗೆಳೆಯರ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಎಂದು ಮಕ್ಕಳು ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತಾರೆ. ಸಹಾಯ ಪಡೆಯುವುದು ಎಲ್ಲ ಮಕ್ಕಳ ದಿನಚರಿಯ ಭಾಗವಾಗಿದ್ದ ಆ ಕೋಣೆಯಲ್ಲಿ ನನ್ನ ಮಗಳು ಬೇರೆಯವಳಾಗಿ ಕಾಣಲೇ ಇಲ್ಲ. ಕನ್ನಡದಲ್ಲಿ ಹೇಳಿದ್ದು ತಿಳಿಯದಿದ್ದಾಗ ಪಕ್ಕದ ಹುಡುಗಿ ತುಳುವಿನಲ್ಲಿ ಹೇಳಿಕೊಡುತ್ತಿದ್ದಳು, ಟೀಚರ್ ಅದನ್ನು ತಡೆಯಲಿಲ್ಲ. ಅವರ ಈ ವಿವೇಕಕ್ಕೆ ನಾನು ಇಂದಿಗೂ ಕೃತಜ್ಞಳಾಗಿದ್ದೇನೆ.

ನಾಲ್ಕನೇ ತರಗತಿಯಲ್ಲಿ ಎಲ್ಲವೂ ಬದಲಾಯಿತು. ಪಠ್ಯಪುಸ್ತಕ, ಕಪ್ಪುಹಲಗೆ, ನೋಟ್ಸ್ ಬರೆದುಕೊಳ್ಳುವ ವೇಗ ಇವೇ ಪಾಠದ ಅಳತೆಗೋಲಾದಾಗ, ಉತ್ತರ ಗೊತ್ತಿದ್ದೂ ಬರೆದು ಮುಗಿಸಲಾಗದ ಮಗು ಹಿಂದೆ ಬಿತ್ತು. ಸೇವೆಯ ಅತಿ ದುರ್ಬಲ ಜಾಗ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂರನೇ ತರಗತಿ ಮುಗಿಯುವ ಮುನ್ನವೇ ಮುಂದಿನ ವರ್ಷದ ಶಿಕ್ಷಕರೊಡನೆ ಕುಳಿತು ಮಾತನಾಡುವ ವ್ಯವಸ್ಥೆ ಇರಲಿಲ್ಲ; ಅದನ್ನು ನಾವೇ ಕೇಳಿ ಮಾಡಿಸಿಕೊಳ್ಳಬೇಕಾಯಿತು.

ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಬರುವ ಬಿ.ಐ.ಇ.ಆರ್.ಟಿ. (ವಲಯದ ಶಾಲೆಗಳಿಗೆ ಹೋಗಿ ವಿಶೇಷ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು) ಶಿಕ್ಷಕಿ ಕೆಲಸ ಬಲ್ಲವರು. ಪೆನ್ಸಿಲ್ಲಿಗೆ ದಪ್ಪ ಹಿಡಿಕೆ ಹಾಕುವುದು, ಪುಸ್ತಕ ಜಾರದಂತೆ ಅಂಟಿಸುವುದು, ಉದ್ದುದ್ದ ಉತ್ತರಗಳ ಬದಲು ಬಾಯಿಮಾತಿನಲ್ಲಿ ಕೇಳುವುದು ಇವೆಲ್ಲ ಅವರ ಸಲಹೆಗಳೇ. ಆದರೆ ಇಡೀ ಶೈಕ್ಷಣಿಕ ವಲಯದ ಶಾಲೆಗಳು ಕೆಲವೇ ಮಂದಿಯ ಹೆಗಲ ಮೇಲಿವೆ. ಪ್ರಾಥಮಿಕ ಹಂತದಲ್ಲಿ ವಿಕಲತೆಯಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತಾತ್ಕಾಲಿಕ ಕ್ರಮವಾಗಿ ಹೇಳಿದ್ದಕ್ಕೂ ನಾವು ನೋಡುವುದಕ್ಕೂ ಬಹಳ ಅಂತರವಿದೆ. ಅವರು ಬಂದ ದಿನ ಮಗುವನ್ನು ಪ್ರತ್ಯೇಕವಾಗಿ ಕರೆದು ಕಲಿಸಿ ಹೋದರೆ ಹೆಚ್ಚು ಪ್ರಯೋಜನವಿಲ್ಲ. ಅದೇ ಸಮಯವನ್ನು ತರಗತಿ ಶಿಕ್ಷಕರಿಗೆ ತೋರಿಸಿಕೊಡಲು ಬಳಸಿದಾಗ ಮಾತ್ರ ಉಳಿದ ದಿನಗಳೂ ಸುಧಾರಿಸಿದವು.

ಕಟ್ಟಡದ ವಿಷಯದಲ್ಲಿ ನನಗೆ ಅಸಮಾಧಾನವಿದೆ. ರ‍್ಯಾಂಪ್ ಇದೆ, ಆದರೆ ಕರಾವಳಿಯ ಮಳೆಗೆ ಅದು ಸಿದ್ಧವಾಗಿಲ್ಲ. ಜೂನ್ ಕಳೆಯುವಷ್ಟರಲ್ಲಿ ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ, ಒಂದು ಬದಿಗೆ ಮಾತ್ರ ಕಂಬಿಯಿದೆ, ಗೇಟಿನಿಂದ ಜಗಲಿಯವರೆಗಿನ ಮುರಕಲ್ಲಿನ ಅಂಗಳದಲ್ಲಿ ವಾಕರ್ ಹೂತುಕೊಳ್ಳುತ್ತದೆ. ಶೌಚಾಲಯ ಅಂಗಳದ ಆಚೆ ತುದಿಯಲ್ಲಿರುವುದರಿಂದ, ಜೋರು ಮಳೆಯ ದಿನ ಮಗು ನೀರು ಕುಡಿಯದೆ ಕೂರುತ್ತದೆ. ಇದನ್ನು ಯಾವ ತಪಾಸಣಾ ನಮೂನೆಯೂ ಕೇಳುವುದಿಲ್ಲ, ತಾಯಂದಿರು ಕೇಳಬೇಕು. ಹಳೆ ವಿದ್ಯಾರ್ಥಿಗಳು ಸೇರಿ ಕಳೆದ ಮಳೆಗಾಲದಲ್ಲಿ ಒರಟು ಹಾಸು ಹಾಕಿಸಿದ ಮೇಲೆ ಜಾರುವ ಭಯ ತಗ್ಗಿದೆ. ಅಂಗಳ ಹಾಗೆಯೇ ಇದೆ.

ಫಿಸಿಯೋಥೆರಪಿ ಸಂಪನ್ಮೂಲ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ, ಚೆನ್ನಾಗಿಯೂ ಇದೆ. ಆದರೆ ಕರೆದೊಯ್ಯುವ ದಿನ ಶಾಲೆ ತಪ್ಪುತ್ತದೆ, ಬೀಡಿ ಕಟ್ಟಿ ಬದುಕುವ ತಾಯಿಗೆ ಅಂದಿನ ಸಂಪಾದನೆಯೂ ತಪ್ಪುತ್ತದೆ. ಪ್ರಯಾಣ ಮತ್ತು ಬೆಂಗಾವಲು (ಮಗುವಿನ ಜೊತೆ ಹೋಗುವವರ) ಭತ್ಯೆಗೆ ಯೋಜನೆಯಲ್ಲಿ ಅವಕಾಶವಿದೆ. ಮುಖ್ಯ ಶಿಕ್ಷಕರಲ್ಲಿ ಬರವಣಿಗೆಯಲ್ಲಿ ಕೇಳಿ.

ಹಾಗಾದರೆ ಸೇರಿಸಬಹುದೇ? ಸೇರಿಸಿ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಹೆಚ್ಚಿನ ಪಾಲು ತರಗತಿ ಶಿಕ್ಷಕರದ್ದು. ಮೇ ತಿಂಗಳಲ್ಲೇ ಶಾಲೆಗೆ ಹೋಗಿ, ಗೇಟಿನಿಂದ ತರಗತಿಗೆ, ತರಗತಿಯಿಂದ ಶೌಚಾಲಯಕ್ಕೆ ಮಗುವನ್ನು ನಡೆಸಿ ನೋಡಿ. ಯು.ಡಿ.ಐ.ಡಿ. ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇನ್ನೂ ಆಗಿರದಿದ್ದರೆ ಈಗಲೇ ಅರ್ಜಿ ಹಾಕಿ. ವಾಕರ್, ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್ ಕೊಡುವ ವೈದ್ಯಕೀಯ ತಪಾಸಣಾ ಶಿಬಿರದ ದಿನಾಂಕವನ್ನು ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿಡಿ. ನಾಲ್ಕನೇ ತರಗತಿಗೆ ಕಾಲಿಡುವ ಮಗುವಾದರೆ, ಹೊಸ ಶಿಕ್ಷಕರು, ಹಳೆಯ ಶಿಕ್ಷಕರು ಮತ್ತು ಬಿ.ಐ.ಇ.ಆರ್.ಟಿ. ಒಟ್ಟಿಗೆ ಕೂರುವ ಒಂದು ಸಭೆಯನ್ನು ಶಾಲೆ ಆರಂಭವಾಗುವ ವಾರದಲ್ಲೇ ಕರೆಯುವಂತೆ ಮುಖ್ಯ ಶಿಕ್ಷಕರನ್ನು ಒತ್ತಾಯಿಸಿ.