ಮೂಗಿನ ಅಲರ್ಜಿ: ಮಾತ್ರೆಯೋ, ಸ್ಪ್ರೇಯೋ?

ಧೂಳು ತಾಗಿದ ಕೆಲವೇ ನಿಮಿಷಗಳಲ್ಲಿ ಸೀನು, ತುರಿಕೆ, ಸೋರುವ ಮೂಗು ಶುರುವಾದರೆ ಅದು ಬಹುಪಾಲು ಅಲರ್ಜಿಯಾದಾಗ ದೇಹ ಹೊರಬಿಡುವ ಹಿಸ್ಟಮಿನ್ ಎಂಬ ಅಣುವಿನ ಕೆಲಸ. ನಾಲ್ಕೆಂಟು ಗಂಟೆ ಕಳೆದು ಮೂಗು ಕಟ್ಟಿಕೊಳ್ಳುವುದರ ಹಿಂದೆ ಬೇರೆ ಅಣುಗಳೂ ಇರುತ್ತವೆ. ರೋಗನಿರೋಧಕ ಕೋಶಗಳ ನಡುವೆ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್‌ಗಳು ಇವುಗಳಲ್ಲಿ ಸೇರಿವೆ: ಇಂಟರ್‌ಲ್ಯೂಕಿನ್-5 ಅಲರ್ಜಿಯ ಉರಿಯೂತ ಹೆಚ್ಚಿಸುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಪೋಷಿಸುತ್ತದೆ, ಇಂಟರ್‌ಲ್ಯೂಕಿನ್-13 ಲೋಳೆ ಹೆಚ್ಚಿಸುತ್ತದೆ, ಇಂಟರ್‌ಲ್ಯೂಕಿನ್-4 ಅಲರ್ಜಿಗೆ ಕಾರಣವಾಗುವ ಐಜಿಇ ಪ್ರತಿಕಾಯ ತಯಾರಾಗುವಂತೆ ಮಾಡುತ್ತದೆ. ಔಷಧ ಆರಿಸುವಾಗ ನೋಡಬೇಕಾದ್ದು ಅದು ಇವುಗಳಲ್ಲಿ ಯಾವುದನ್ನು ತಡೆಯುತ್ತದೆ ಎಂಬುದನ್ನೇ.

ಲಿವೊಸೆಟಿರಿಜಿನ್ 5 ಮಿ.ಗ್ರಾಂ: ಹಿಸ್ಟಮಿನ್ ತಡೆಯುವ ಮಾತ್ರೆ. ಸುಮಾರು ಒಂದು ಗಂಟೆಯಲ್ಲಿ ಸೀನು, ತುರಿಕೆ ತಗ್ಗುತ್ತವೆ. ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೆ. ತೂಕಡಿಕೆ ಬರುವುದರಿಂದ ರಾತ್ರಿ ತೆಗೆದುಕೊಳ್ಳುವುದೇ ಸರಿ. ಹಗಲು ವಾಹನ ಓಡಿಸುವವರಿಗೆ ಇದೇ ಬಗೆಯ ಫೆಕ್ಸೊಫೆನಡಿನ್ ವಾಸಿ, ಆದರೆ ನೀರಿನ ಜೊತೆಗೇ ನುಂಗಬೇಕು. ಕಿತ್ತಳೆ, ಸೇಬಿನ ರಸದ ಜೊತೆ ಕುಡಿದರೆ ಔಷಧ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ.

ಮಾಂಟೆಲುಕಾಸ್ಟ್ 10 ಮಿ.ಗ್ರಾಂ: ಉರಿಯೂತ ಹುಟ್ಟಿಸುವ ಲ್ಯೂಕೊಟ್ರೈನ್ ಎಂಬ ಅಣುಗಳನ್ನು ತಡೆಯುತ್ತದೆ. ಆಸ್ತಮಾ ಕೂಡ ಇದ್ದವರಿಗೆ ಉಪಯೋಗವಿದೆ. ಬರೀ ಮೂಗಿನ ತೊಂದರೆಗೆ ಸ್ಪ್ರೇಗಿಂತ ದುರ್ಬಲ. ಕೆಟ್ಟ ಕನಸು, ಸಿಡುಕು, ಖಿನ್ನತೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಇದರ ಮೇಲೆ ಹಾಕಿತು. ಲಿವೊಸೆಟಿರಿಜಿನ್ ಜೊತೆ ಸೇರಿಸಿದ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ನಮ್ಮಲ್ಲಿ ತೀರಾ ಸಾಮಾನ್ಯ. ಇದು ನಿಲ್ಲಬೇಕು.

ಫ್ಲುಟಿಕಾಸೋನ್ ಸ್ಪ್ರೇ: ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್. ದಿನವೂ ಕಟ್ಟುವ ಮೂಗಿಗೆ ನನ್ನ ಆಯ್ಕೆ ಇದೇ. ಮಾತ್ರೆಗಳು ಬಿಡುಗಡೆಯಾದ ಅಣುವನ್ನು ತಡೆಯುತ್ತವೆ, ಇದು ಮೂಗಿನ ಒಳಪದರದಲ್ಲಿ ಆ ಇಂಟರ್‌ಲ್ಯೂಕಿನ್‌ಗಳ ತಯಾರಿಯನ್ನೇ ಇಳಿಸುತ್ತದೆ. ಹಾಗಾಗಿ ನಿಧಾನ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ಬಹಳ ಜನ ನಾಲ್ಕನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ದೊಡ್ಡವರಿಗೆ ಆರಂಭದಲ್ಲಿ ಪ್ರತಿ ಹೊಳ್ಳೆಗೆ 50 ಮೈಕ್ರೊಗ್ರಾಂನ ಎರಡು ಸಿಂಪಡಿಕೆ, ದಿನಕ್ಕೊಮ್ಮೆ. ಮೊದಲು ಮೂಗು ಸೀಟಿ, ಬಾಟಲಿ ಅಲ್ಲಾಡಿಸಿ. ತಲೆ ತುಸು ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆಗಿರುವಂತೆ ಸಿಂಪಡಿಸಿ. ನಡುಗೋಡೆಗೆ ಗುರಿಯಿಟ್ಟರೆ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧ ಗಂಟಲಿಗೆ ಹೋಗಿ ವ್ಯರ್ಥ.

ಕ್ಸೈಲೊಮೆಟಾಜೊಲಿನ್ ಹನಿ ನಿಮಿಷಗಳಲ್ಲೇ ಮೂಗು ಬಿಡಿಸುತ್ತದೆ, ಆದರೆ ರಕ್ತನಾಳ ಕುಗ್ಗಿಸುತ್ತದೆಯೇ ಹೊರತು ಉರಿಯೂತವನ್ನು ಮುಟ್ಟುವುದಿಲ್ಲ. ಐದು ದಿನ ಮೀರಿದರೆ ಹನಿಯಿಂದಲೇ ಮೂಗು ಕಟ್ಟತೊಡಗುತ್ತದೆ.

ಎರಡು ವಾರ ಸರಿಯಾಗಿ ಬಳಸಿಯೂ ಸ್ಪ್ರೇ ಸಾಲದಿದ್ದರೆ, ಮಾಂಟೆಲುಕಾಸ್ಟ್ ಸೇರಿಸುವ ಬದಲು, ಹಿಸ್ಟಮಿನ್ ತಡೆಯುವ ಅಜೆಲಾಸ್ಟಿನ್ ಬೆರೆತ ಸ್ಪ್ರೇ ಬಗ್ಗೆ ವೈದ್ಯರನ್ನು ಕೇಳಿ. ಪ್ರತಿವರ್ಷ ಒಂದೇ ಕಾಲಕ್ಕೆ ತೊಂದರೆ ಬರುವವರು ಆ ಕಾಲಕ್ಕೆ ಎರಡು ವಾರ ಮೊದಲೇ ಸ್ಪ್ರೇ ಶುರುಮಾಡಬೇಕು.